ಡಿಯೋರ್ ಅರಿವಿ, ಅವ್ವನ ಕಸೂತಿ

2019ರ ಬ್ಯಾಸಿಗ್ಯಾಗ ಮಗಳ ಬಾಣಂತನಕ್ಕಂತ ಲಂಡನ್ನಿಗೆ ಹೋದಾಗಿನ ಮಾತಿದು. ಕೂಸಿಗೆ ಮೂರು ತಿಂಗಳ ತುಂಬಿದ ಮ್ಯಾಲೆ ಅಳಿಯಂದ್ರು, "ಅತ್ತಿಯವ್ರ, ಕೂಸಿನ್ನ ನಾ ನೋಡ್ಕೋತೀನಿ, ನೀವಿಬ್ಬರೂ ಒಂದಿನ ಹೊರಗ ಹೋಗಿಬರ್ರಿ" ಅಂದ್ರು. ಮಗಳು ನನ್ನ ಕರ್ಕೊಂಡು ಹೋಗಿದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ. ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಕಂಪನಿಯ ಹಳೇ ಹೊಸಾ ಅರಿವಿಗಳ ಪ್ರದರ್ಶನ ಅಲ್ಲೆ ನಡದಿತ್ತು. ಅರಿವಿ ನೋಡ್ಲಿಕ್ಕೆ ಟಿಕೀಟು! ರೂಪಾಯಿ ಲೆಕ್ಕ ಹಾಕಬ್ಯಾಡ ಅಂತ ಮಗಳು ಮೊದಲ ಹೇಳಿದ್ಲು. ನಾ ಹಾಕೇ ಹಾಕಿದೆ.

ಒಳಗ ಕಾಲಿಡೂದಕ್ಕ ಎದುರಾಗಿದ್ದು 1947ರ ಫೆಬ್ರವರಿಯೊಳಗ ಡಿಯೋರ್ ಮೊದಲನೇ ಸಲ ತೋರಿಸಿದ ಜೋಡಿ. ಕೆನಿಬಣ್ಣದ ರೇಶ್ಮಿ ಜಾಕೀಟು, ಕರೀ ನಿರಿಗಿ ಲಂಗ. ನಡ ಮುಷ್ಟಿಯೊಳಗ ಹಿಡಿಸೂ ಹಂಗ, ಅದರ ಕೆಳಗ ಕೊಡದಂಗ ಉಬ್ಬು. ಯುದ್ಧ ಮುಗದು ಎರಡು ವರ್ಷ ಸುದ್ದಾ ಆಗಿದ್ದಿಲ್ಲ. ಇಂಗ್ಲಂಡಿನಾಗ ಅರಿವಿಗೆ ಇನ್ನೂ ರೇಶನ್ನು, ಅದು ಹೋಗಿದ್ದು 1949ಕ್ಕ. ಅಂಥಾದ್ರಾಗ ಒಂದೊಂದು ಲಂಗಕ್ಕ ಗಜಗಟ್ಲೆ ಅರಿವಿ ಸುರುವಿದ್ದಕ್ಕ ಮಂದಿ ಬೈದ್ರಂತ. ಬೈಕೋತನ ಹಂಗಿಂದ ಹೊಲಿಸ್ಕೊಂಡ್ರಂತ. ನಮ್ಮ ಓಣ್ಯಾಗೂ ಅಷ್ಟ ಅಲ್ಲೇನ್ರಿ?

ರಾಜಕುಮಾರಿ ಮಾರ್ಗರೆಟ್ 1951ರಾಗ ತನ್ನ 21ನೇ ಹುಟ್ಟುಹಬ್ಬಕ್ಕ ಹಾಕ್ಕೊಂಡ ಬಿಳೇ ಗೌನೂ ಅಲ್ಲೇ ಇತ್ತು. ಅದರ ಮ್ಯಾಲಿನ ಕಸೂತಿ ನೋಡಿದ ಕೂಡ್ಲೆ ನನಗ ತಿರುವಿ ಹಿಂದಿನ ಮಗ್ಗಲಾ ನೋಡಬೇಕನಿಸ್ತು. ಅವ್ವ ಹಚ್ಚಿದ ಚಟ ಇದು. ಯಾರು ಕಸೂತಿ ತಂದು ತೋರಿಸಿದ್ರೂ ಆಕಿ ಮೊದಲು ಬೋರಲು ಮಾಡಿ ನೋಡ್ತಾಳ, ನಿಮಗ ಗೊತ್ತದಲ್ಲ. ಗವಂತಿ, ಮುರ್ಗಿ ಹಾಕಿದ್ರ ಎರಡೂ ಮಗ್ಗಲಾ ಒಂದ ಥರಾ ಕಾಣಬೇಕು, ಎಲ್ಲೂ ಗಂಟು ಕಾಣಬಾರದು. ಕಾಗದದ ಮ್ಯಾಲೆ ಬರಿಯೂದಿಲ್ಲ, ಎಳಿ ಎಣಿಸೇ ತೇರು, ಗೋಪುರ, ತುಳಸೀಕಟ್ಟಿ ಏಳಸಬೇಕು. ಆ ರಾತ್ರಿ ಫೋನಿನ್ಯಾಗ ಎಲ್ಲಾ ವರ್ಣಿಸಿ ಹೇಳಿದ್ರ ಅವ್ವ ಕೇಳಿದ್ದು ಒಂದ ಮಾತು: "ಹಿಂದ ಹೆಂಗದ?" ತೋರಸಂಗಿಲ್ಲವಾ ಅಂದೆ. "ಹಂಗಾರ ಏನ್ ನೋಡ್ದಿ?"

ಆದ್ರ ಒಂದು ಖೋಲಿ ಇತ್ತು. ನೆಲದಿಂದ ಮಾಳಿಗಿತನಕ ಬರೇ ಬಿಳೇ ಅರಿವಿ. ಬಣ್ಣಿಲ್ಲ, ಮಣಿಯಿಲ್ಲ. ತುಟ್ಟಿ ರೇಶ್ಮಿಗೆ ಕತ್ರಿ ಹಾಕೂಕಿಂತ ಮೊದಲು ಸಾದಾ ಹತ್ತಿ ಅರಿವ್ಯಾಗ ಹೊಲದು ನೋಡೂ ಮಾದರಿ ಅವು. ಟ್ವಾಲ್ ಅಂತಾರಂತ. ಲಗ್ನದ ಜಂಪರ್ ಹೊಲಿಯೂ ಮುಂದ ಅವ್ವ ಅಪ್ಪನ ಹಳೇ ಧೋತರದಾಗ ಒಂದು ಹೊಲದು ತೊಡಿಸಿ ನೋಡ್ತಿದ್ಲಲ್ಲ, ಥೇಟ್ ಅದ. ಹಂಗ ಹೊಲಿಯೂ ಹೆಣ್ಣಮಕ್ಕಳಿಗೆ ಫ್ರೆಂಚರು "ಸಣ್ಣ ಕೈಗಳು" ಅಂತಾರ. ಮೆತ್ತಗಿನ ಗೌನ್ ಹೊಲಿಯೂ ಸಣ್ಣ ಕೈ ಬ್ಯಾರೆ, ಕೋಟು ಜಾಕೀಟಿನವು ಬ್ಯಾರೆ. ಕಾಗದದ ಹೂವಿನ ಮಾಡು, ನಮ್ಮ ದೇಶದ್ದೂ ಸೇರಿಸಿ ನಾಕಾರು ದೇಶದ ಛಾಯಾ ಇದ್ದ ಅರಿವಿ, ಇನ್ನೂ ಏನೇನೋ ಇದ್ವು. ನಾ ಮಾತ್ರ ಆ ಬಿಳೇ ಖೋಲಿಯೊಳಗ ನಿಂತುಬಿಟ್ಟೆ.

ಡಿಯೋರ್ ತೀರ್ಕೊಂಡಿದ್ದು 1957ರಾಗ. ಅವನು ಆ ಮನಿ ನಡಸಿದ್ದು ಹತ್ತ ವರ್ಷ. ಅವನ ಹಿಂದ 2019ರ ತನಕ ಆರು ಮಂದಿ ಆ ಗಾದಿಮ್ಯಾಲೆ ಕೂತ್ರು. ಮೊದಲನೇಂವ ಸೇಂಟ್ ಲಾರೆಂಟ್, ಕಡೀಗೆ ಬಂದಾಕಿ ಮರಿಯಾ ಗ್ರಾಜಿಯಾ ಕ್ಯೂರಿ ಅನ್ನೋ ಹೆಣ್ಣಮಗಳು. 2023ರಾಗ ಮುಂಬಯಿ ಗೇಟ್‌ವೇ ಮುಂದ ಶೋ ಮಾಡಿದಾಕಿ ಆಕಿನ. ಅಲ್ಲಿ ಕಟ್ಟಿದ ಕಸೂತಿ ತೋರಣ ಮುಂಬಯಿ ಚಾಣಕ್ಯ ಶಾಲೆಯವ್ರ ಕೈಕೆಲಸ. ಹಿಂಗ ಗಾದಿ ಬದಲಾದ್ರೂ ಹಳೇ ಅರಿವಿ ಜ್ವಾಪಾನ ಆಗ್ಯಾವ.

ಅವ್ವ ನಲವತ್ತು ವರ್ಷ ಮಂದಿಗೆ ಕಸೂತಿ ಹಾಕಿಕೊಟ್ಲು. ನಮ್ಮ ಫೀ ಅದರಾಗನ ಹೋತು. ಮನ್ಯಾಗ ಒಂದೂ ಇಲ್ಲ. ನನ್ನ ಲಗ್ನದ ಸೀರಿಗೆ ಸೆರಗಿನಾಗ ಎರಡ ಗೋಪುರ ಎದ್ದಿದ್ವು. ಆ ವರ್ಷ ಬ್ಯಾರೆಯವರ ಚಂದ್ರಕಾಳಿ ಮುಗಸೂದ್ರಾಗ ದಿನ ತೀರಿದ್ವು. ಆ ಸೀರಿನೂ ಹಾಸಿ ಹೊದ್ದು ಕೌದಿ ಪಾಲಾತು.

ಈಗ ಅವ್ವಗ 83. ಕಣ್ಣು ಮಂಜಾಗ್ಯಾವ, ಹೆಸರು ಮರೀತಾಳ. ಆದ್ರ ಮೊನ್ನೆ ಮೂಲಿಮನಿ ವೈನಿ ತಮ್ಮ ಹಳೇ ಇಳಕಲ್ ಸೀರಿ ತಂದು ತೊಡಿಮ್ಯಾಲೆ ಹಾಕಿದ್ರು. ಬೊಟ್ಟಾಡಿಸಿ ತಿರುವಿದ್ಲು, ಮತ್ತ ಬೊಟ್ಟಾಡಿಸಿದ್ಲು. "ಇದು ನಂದ. ಇಲ್ಲೆ ಒಂದು ಎಳಿ ಬಿಟ್ಟೀನಿ, ಅವತ್ತು ಕರೆಂಟ್ ಹೋಗಿತ್ತು" ಅಂದ್ಲು.

ಅದಕ್ಕ ಕೇಳ್ತೀನಿ. ನಿಮ್ಮ ಟ್ರಂಕಿನ್ಯಾಗ ಅವ್ವನ ಕೈದು ಸೀರಿ, ಜಂಪರ್, ಕುಂಚಿಗಿ ಏನರೆ ಇದ್ರ ಒಂದು ದಿನದ ಮಟ್ಟಿಗೆ ತಂದುಕೊಡ್ರಿ. ದೂರದಾಗಿದ್ದವ್ರು ಫೋಟೋ ಕಳಸ್ರಿ, ಹಿಂದಿನ ಮಗ್ಗಲದ್ದೂ. ಯಾರಿಗೆ, ಯಾವ ಕಾರ್ಯಕ್ಕ ಹಾಕಿದ್ದು ಅಂತ ಬರಕೊಂಡು, ಮಡಿಚಿ ಹಿಂದಕ್ಕ ಮುಟ್ಟಸ್ತೀನಿ. ಹರದಿದ್ರೂ ನಡೀತದ.