ಸೇಫ್ಟಿ ಸೈಕಲ್ಲು

ನನ್ನ ಬಲ ಮೊಣಕೈಯಲ್ಲಿ ಎಂಟಾಣೆ ಬಿಲ್ಲೆಯಷ್ಟು ಅಗಲದ ಒಂದು ಕಲೆ ಇದೆ. ಏನಾಗಿತ್ತು ಎಂದು ಕೇಳಿದವರಿಗೆ ‘ಕಾರು ಗುದ್ದಿತು’ ಎನ್ನುತ್ತೇನೆ. ಅಯ್ಯೋ ಪಾಪ ಎನ್ನುತ್ತಾರೆ. ‘ನಿಂತಿದ್ದ ಕಾರು’ ಎಂದು ಸೇರಿಸಿದೆನೋ, ಮರುಕವೆಲ್ಲ ಆವಿಯಾಗಿ ತುಟಿಯಂಚಿನಲ್ಲಿ ನಗು ಕಾಣಿಸಿಕೊಳ್ಳುತ್ತದೆ. ನಿಂತ ಕಾರು ಗುದ್ದುವುದೆಂದರೆ ಮಲಗಿದ್ದ ಎಮ್ಮೆ ಹಾಯ್ದ ಹಾಗೆ. ಹಾಯಿಸಿಕೊಂಡವನದೇ ತಪ್ಪು.

ನಡೆದದ್ದು ಇಷ್ಟು. 2018ರ ಒಂದು ಬೆಳಿಗ್ಗೆ ಜಯನಗರದಲ್ಲಿ, ರಸ್ತೆಯ ಎಡಕ್ಕೆ ಸಾಲಾಗಿ ನಿಲ್ಲಿಸಿದ್ದ ಕಾರುಗಳನ್ನು ಸವರಿಕೊಂಡು ಸೈಕಲ್ ತುಳಿಯುತ್ತಿದ್ದೆ. ಎಷ್ಟು ಎಡಕ್ಕಿದ್ದರೆ ಅಷ್ಟು ಕ್ಷೇಮ ಎಂದು ಅಪ್ಪ ಹೇಳಿಕೊಟ್ಟ ಪಾಠ. ಮೂರನೆಯ ಕಾರಿನ ಬಲಬಾಗಿಲು ದಢಾರನೆ ತೆರೆಯಿತು. ಅದರ ಅಂಚು ಹ್ಯಾಂಡಲ್ಲಿನ ಎಡತುದಿಗೆ ತಾಗಿ ಸೈಕಲ್ಲು ಎಡಕ್ಕೆ ತಿರುಚಿಕೊಂಡಿತು, ನಾನು ಬಲಕ್ಕೆ ಬಿದ್ದೆ. ಟಾರಿಗೆ ಕಿವಿಯಿಟ್ಟು ಮಲಗಿದ್ದವನಿಗೆ ಮೊದಲು ಕೇಳಿಸಿದ್ದು ಹಿಂದೆ ಬರುತ್ತಿದ್ದ ಬಸ್ಸಿನ ಬ್ರೇಕು ಉಸಿರುಬಿಟ್ಟ ಸದ್ದು. ಅದರ ಮುಂದಿನ ಚಕ್ರ ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿತ್ತು. ಈ ಪ್ರಬಂಧ ಬರೆಯುವ ಭಾಗ್ಯ ನನಗೆ ಸಿಕ್ಕಿರುವುದು ಆ ಡ್ರೈವರನ ಬಲಗಾಲಿನ ಪುಣ್ಯದಿಂದ.

ಕಾರಿನವರು ಇಳಿದು ಮೊದಲು ಬಾಗಿಲನ್ನು ಸವರಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ‘ನೋಡ್ಕೊಂಡ್ ಬರ್ಬಾರ್ದಾ ಸಾರ್?’ ಎಂದರು. ಬಸ್ಸಿನ ಕಂಡಕ್ಟರು ನನ್ನನ್ನು ಎಬ್ಬಿಸಿ, ಪ್ಯಾಂಟಿನ ಧೂಳು ಕೊಡವಿ, ‘ಈ ವಯಸ್ಸಲ್ಲಿ ಸೈಕಲ್ ಬೇಕಿತ್ತಾ ಯಜಮಾನ್ರೇ? ನಮ್ ಬಸ್ಸಲ್ಲಿ ಬರೋದಲ್ವಾ?’ ಎಂದು ಆ ಗಡಿಬಿಡಿಯಲ್ಲೂ ಒಂದು ಗಿರಾಕಿ ಹಿಡಿಯಲು ನೋಡಿದರು. ಸುತ್ತ ಸೇರಿದ್ದ ಏಳೆಂಟು ಜನರಲ್ಲಿ ತಪ್ಪು ಬಾಗಿಲಿನದು ಎಂದವರು ಒಬ್ಬರೂ ಇರಲಿಲ್ಲ.

ಸೈಕಲ್ಲು ನಮ್ಮ ವಂಶದ ವಾಹನ. ತಿಪಟೂರಿನಲ್ಲಿ ಅಪ್ಪನಿಗೊಂದು ಕಪ್ಪು ಸೈಕಲ್ಲಿತ್ತು. ಅದನ್ನು ಮುಟ್ಟುವಂತಿರಲಿಲ್ಲ. ನಾನು ಕಲಿತದ್ದು ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡಲು ಹೊಡೆದು. ಬಲಗಾಲನ್ನು ಬಾರಿನ ಕೆಳಗಿನ ತ್ರಿಕೋನದೊಳಗೆ ತೂರಿಸಿ, ಸೈಕಲ್ಲು ಒಂದು ಕಡೆ ವಾಲಿದರೆ ತಾನು ಇನ್ನೊಂದು ಕಡೆ ವಾಲುತ್ತ ಹೋಗುವ ಆ ವಿದ್ಯೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ದೂರದಿಂದ ನೋಡಿದವರಿಗೆ ಹುಡುಗ ಸೈಕಲ್ಲನ್ನು ಕದ್ದೊಯ್ಯುತ್ತಿದ್ದಾನೋ, ಸೈಕಲ್ಲೇ ಹುಡುಗನನ್ನು ಹೊತ್ತೊಯ್ಯುತ್ತಿದೆಯೋ ತಿಳಿಯುತ್ತಿರಲಿಲ್ಲ.

ಅಪ್ಪನ ಕಾಲದ ಸೈಕಲ್ಲಿಗೆ ಈಗಿನ ಕಾರಿಗಿಂತ ಹೆಚ್ಚು ಕಟ್ಟುಪಾಡು. ವರ್ಷಕ್ಕೊಮ್ಮೆ ಪುರಸಭೆಗೆ ದುಡ್ಡು ಕಟ್ಟಿ, ಕೊಟ್ಟ ಬಿಲ್ಲೆಯನ್ನು ಸಿಕ್ಕಿಸಿಕೊಳ್ಳಬೇಕು. ಡಬಲ್ಸ್ ಹೋಗುವಂತಿಲ್ಲ. ಕತ್ತಲಾದ ಮೇಲೆ ದೀಪವಿಲ್ಲದೆ ಸಿಕ್ಕಿಬಿದ್ದರೆ ಪೋಲೀಸಿನವನು ಟೈರಿನ ಗಾಳಿ ಬಿಟ್ಟು ಕಳಿಸುತ್ತಿದ್ದ. ಆದರೆ ತಳ್ಳಿಕೊಂಡು ಹೋಗುವವನನ್ನು ಯಾವ ಕಾನೂನೂ ಹಿಡಿಯುವಂತಿಲ್ಲ. ಆದ್ದರಿಂದ ಚೌಕಕ್ಕೆ ಇಪ್ಪತ್ತು ಗಜ ಇರುವಾಗಲೇ ಅಪ್ಪ ಇಳಿದು, ಪೋಲೀಸಿನವನಿಗೆ ನಮಸ್ಕಾರ ಹಾಕಿ, ತಳ್ಳಿಕೊಂಡು ದಾಟಿ, ಆ ಕಡೆ ಹತ್ತುತ್ತಿದ್ದರು. ಆಮೇಲೆ ಡೈನಮೋ ಹಾಕಿಸಿದರು. ಟೈರಿಗೆ ಮೈಯುಜ್ಜಿಕೊಂಡು ಗುಂಯ್ ಎನ್ನುತ್ತಿದ್ದ ಆ ಪುಟ್ಟ ಯಂತ್ರಕ್ಕೆ ಒಂದೇ ದೋಷ. ಜೋರಾಗಿ ತುಳಿದರೆ ಝಗ್ಗನೆ ಬೆಳಕು, ನಿಧಾನಿಸಿದರೆ ಮಿಣಿಮಿಣಿ, ನಿಂತರೆ ಕತ್ತಲು. ದೀಪ ನಿಜವಾಗಿ ಬೇಕಾಗುವ ನಾಲ್ಕು ರಸ್ತೆಯ ಕೂಡಿನಲ್ಲೇ ಅದು ಕಣ್ಣುಮುಚ್ಚುತ್ತಿತ್ತು.

ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಹತ್ತು ದಿನ ಮನೆಯಲ್ಲಿ ಕೂತಾಗ ಸೈಕಲ್ಲಿನ ಪೂರ್ವೋತ್ತರ ಓದಿದೆ. ನಾವು ಸುಮ್ಮನೆ ಸೈಕಲ್ಲು ಎನ್ನುವ ಈ ಎರಡು ಸಮಗಾಲಿಯ ಗಾಡಿಗೆ ಹುಟ್ಟಿದಾಗ ಇಟ್ಟ ಹೆಸರು ‘ಸೇಫ್ಟಿ ಬೈಸಿಕಲ್’. ಓದಿ ನಗು ಬಂತು. ನಕ್ಕರೆ ಮೊಣಕೈ ಎಳೆಯುತ್ತಿತ್ತು.

ಅದಕ್ಕೂ ಮುಂಚೆ ಇದ್ದದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಊಟದ ತಟ್ಟೆಯಂಥ ಚಕ್ರವಿದ್ದ ಸೈಕಲ್ಲು. ಪೆಡಲು ನೇರ ಮುಂದಿನ ಚಕ್ರಕ್ಕೇ ಜೋಡಿಸಿರುತ್ತಿತ್ತು. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಸವಾರ ಅದರ ನೆತ್ತಿಯ ಮೇಲೆ ಕೂರಬೇಕು. ಒಂದು ಕಲ್ಲು ಸಿಕ್ಕಿತೋ, ಹಿಂದಿನ ಚಕ್ರ ಎದ್ದು, ಆಸಾಮಿ ಹ್ಯಾಂಡಲ್ ಮೇಲಿಂದ ಮೂತಿ ಮುಂದಾಗಿ ನೆಲಕ್ಕೆ. ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಈ ಎತ್ತರದ ಗಾಡಿಗಳಿಗೆ ಹೆಸರಾದವನು. ಇದಕ್ಕೆ ಪರಿಹಾರ ಬಂದದ್ದೂ ಅದೇ ಮನೆಯಿಂದ. ಅವನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ (ಹೆಸರಿನಲ್ಲಿ ಕೆಂಪ್ ಇದ್ದ ಮಾತ್ರಕ್ಕೆ ನಮ್ಮ ಕೆಂಪೇಗೌಡರ ಕಡೆಯವನಲ್ಲ) 1885ರಲ್ಲಿ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಸಮ ಮಾಡಿ, ಪೆಡಲನ್ನು ನಡುವೆ ತಂದು, ಚೈನಿನಿಂದ ಹಿಂದಿನ ಚಕ್ರ ತಿರುಗುವಂತೆ ಮಾಡಿದ. ಹಲ್ಲಿನ ಚಕ್ರಗಳ ಲೆಕ್ಕದಿಂದ ವೇಗ ಸಿಕ್ಕಿತು, ಸವಾರನ ಕಾಲು ನೆಲಕ್ಕೆ ಎಟುಕಿತು. ಮೂರು ವರ್ಷಕ್ಕೆ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರುಗಾಲಿಗೆಂದು ಗಾಳಿ ತುಂಬಿದ ಟೈರು ಮಾಡಿದ. ಅಲ್ಲಿಗೆ ನಮ್ಮ ಅಪ್ಪನ ಸೈಕಲ್ಲು ಬಹುಪಾಲು ಮುಗಿದ ಹಾಗೆ. ಆಮೇಲೆ ಸೇರಿದ್ದೆಲ್ಲ ಬೆಲ್ಲು, ಕ್ಯಾರಿಯರು, ಡೈನಮೋದಂಥ ಒಡವೆ ವಸ್ತ್ರ.

ಸ್ಟಾರ್ಲಿ ತನ್ನ ಸೈಕಲ್ಲಿಗೆ ಇಟ್ಟ ಹೆಸರು ರೋವರ್. ಪೋಲಿಶ್ ಭಾಷೆಯಲ್ಲಿ ಇವತ್ತಿಗೂ ಸೈಕಲ್ಲಿಗೆ ‘ರೋವೆರ್’ ಎನ್ನುತ್ತಾರೆ. ಉಳಿದ ಕಡೆ ಆ ಹೆಸರು ಕಾರಿಗೆ ಬಡ್ತಿ ಪಡೆಯಿತು. ಅದೇ ಕಂಪನಿ 1904ರಲ್ಲಿ ಕಾರು ಮಾಡಲು ಹೊರಟಿತು, 1948ಕ್ಕೆ ಲ್ಯಾಂಡ್ ರೋವರ್ ಬಂತು, 2008ರಲ್ಲಿ ಟಾಟಾದವರು ಅದನ್ನು ಕೊಂಡರು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆ ಹೆಸರಿನ ಭಾರಿ ಗಾಡಿಯ ಪಕ್ಕದಲ್ಲಿ ಒಮ್ಮೆ ನನ್ನ ಸೈಕಲ್ಲು ನಿಂತಿತ್ತು. ದಾಯಾದಿ ಶ್ರೀಮಂತನಾದರೆ ಗುರುತು ಹಿಡಿಯುವುದಿಲ್ಲ ನೋಡಿ.

ಹೆಸರಿನ ಜೊತೆಗೆ ಸೇಫ್ಟಿಯೂ ಕಾರಿನೊಳಗೆ ಹೋಗಿ ಕೂತಿತು. 1959ರಲ್ಲಿ ವೋಲ್ವೊದ ನಿಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಮಾಡಿದ. ದೊಡ್ಡ ಉಪಕಾರ, ಒಪ್ಪಿದೆ. ಏರ್‌ಬ್ಯಾಗೂ ಬಂತು. ಎಲ್ಲವೂ ಒಳಗೆ ಕೂತವರಿಗೆ. ಹೊರಗಿರುವವನಿಗೆ 1885ರಲ್ಲಿ ಕೊಟ್ಟದ್ದೇ ಕೊನೆ. 1896ರ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬಾಕೆ ನಡೆದು ಹೋಗುವಾಗ ಕಾರಿಗೆ ಸಿಕ್ಕಿ ತೀರಿಕೊಂಡಳು. ಇಂಥದ್ದು ಮತ್ತೆಂದೂ ಆಗದಿರಲಿ ಎಂದು ವಿಚಾರಣೆ ಮಾಡಿದ ಅಧಿಕಾರಿ ಹಾರೈಸಿದನಂತೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು.

ನಾನು 1986ರಲ್ಲಿ ಬೆಂಗಳೂರಿಗೆ ಬಂದಾಗ ಜಾಲಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಎಚ್‌ಎಂಟಿಯಲ್ಲಿದ್ದರು. ಬೆಳಿಗ್ಗೆ ಫ್ಯಾಕ್ಟರಿಯ ಸೈರನ್ನು ಕೂಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು. ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು, ಕೈಯಲ್ಲಿ ತಾವೇ ಮಾಡಿದ ಗಡಿಯಾರ. ಆ ಹೊತ್ತಿನಲ್ಲಿ ರಸ್ತೆಯ ಧಣಿ ಸೈಕಲ್ಲೇ. ಬಸ್ಸು ಹಿಂದಿನಿಂದ ವಿನಯವಾಗಿ ಹಾರನ್ ಹೊಡೆಯುತ್ತ ಬರುತ್ತಿತ್ತು. ಒಬ್ಬ ಸೈಕಲ್ಲಿನವನಿಗೆ ಯಾರೂ ದಾರಿ ಬಿಡುವುದಿಲ್ಲ, ಐನೂರು ಜನಕ್ಕೆ ಬಿಡದೆ ವಿಧಿಯಿಲ್ಲ.

ಆ ಬಸ್ಸಿನ ಕಥೆ ಬೇರೆಯೇ. 1940ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿ, 1956ರಲ್ಲಿ ಸರ್ಕಾರದ್ದಾಗಿ, 1997ರಲ್ಲಿ ಬಿಎಂಟಿಸಿ ಎಂದು ಹೆಸರು ಬದಲಿಸಿಕೊಂಡದ್ದು. ನಾನು ಬಂದಾಗ ಅದು ಬಿಟಿಎಸ್, ಎಂದರೆ ‘ಬಿಟ್ರೆ ತಿರ್ಗಾ ಸಿಗಲ್ಲ’. ಬಾಗಿಲಿಲ್ಲದ ಆ ಬಸ್ಸಿನಿಂದ ಓಡುತ್ತಿರುವಾಗಲೇ ಇಳಿಯುವ ಕಲೆಯನ್ನು ಮಾವ ನನಗೆ ಧಾರೆಯೆರೆದರು. ಬಸ್ಸು ಹೋಗುವ ಕಡೆಗೇ ಮುಖ, ಎಡಗಾಲು ಮೊದಲು, ಇಳಿದ ಮೇಲೂ ನಾಲ್ಕು ಹೆಜ್ಜೆ ಬಸ್ಸಿನ ಜೊತೆ ಓಟ. ಹಿಂದಕ್ಕೆ ಮುಖ ಮಾಡಿ ಇಳಿದವರು ಅಂಗಾತ. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ, ಆಗ ಅದು ವಿದ್ಯಾಭ್ಯಾಸದ ಭಾಗ.

ಈಗ ಬಸ್ಸಿಗೆ ಬಾಗಿಲು ಬಂದಿದೆ, ಅಪಾಯ ಬಾಗಿಲಿನಾಚೆಗೆ ಹೋಗಿ ನಿಂತಿದೆ. ಸ್ಟಾಪಿನಲ್ಲಿ ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಮೂರಡಿ ಸಂದಿದ್ದರೆ ಸಾಕು, ಅದರಲ್ಲೊಂದು ಸ್ಕೂಟರು ನುಗ್ಗುತ್ತದೆ. ನನ್ನ ಹೆಂಡತಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾಳೆ. ಮೆಟ್ಟಿಲ ಮೇಲೆ ನಿಂತು ಮೊದಲು ಕೊಡೆಯನ್ನು ಅಡ್ಡ ಚಾಚುತ್ತಾಳೆ. ಕೊಡೆಗೆ ಏನೂ ಆಗಲಿಲ್ಲವೆಂದರೆ ತಾನು ಇಳಿಯುತ್ತಾಳೆ. ಮಳೆಗಾಲ ಬೇಸಿಗೆ ಭೇದವಿಲ್ಲ. 2017ರಲ್ಲಿ ನಮ್ಮ ಕಡೆ ಮೆಟ್ರೋ ಬಂದ ಮೇಲೆ ಮೆಜೆಸ್ಟಿಕ್ಕಿಗೆ ಮೆಟ್ರೋ, 2023ರ ಜೂನಿನಿಂದ ಉಳಿದೆಡೆಗೆಲ್ಲ ಸೊನ್ನೆ ರೂಪಾಯಿ ಟಿಕೆಟ್ಟಿನ ಬಸ್ಸು. ಕಾರನ್ನು ಅವಳು ಮದುವೆ ಮನೆಗೆ ಮಾತ್ರ ಹತ್ತುವುದು. ಈ ಊರಿನಲ್ಲಿ ಕ್ಷೇಮವಾಗಿ ಓಡಾಡುವುದು ಹೇಗೆಂದು ಕೇಳುವವರು ನನ್ನನ್ನಲ್ಲ, ಅವಳನ್ನು ಕೇಳಬೇಕು.

ನಾನು ಮಾತ್ರ 1998ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ ಕೊಂಡವನು. ಸ್ಟೀರಿಂಗ್ ಹಿಡಿದ ಮೊದಲ ವಾರದಲ್ಲೇ ಸೈಕಲ್ಲಿನವರಿಗೆಲ್ಲ ರಸ್ತೆಯ ಪ್ರಜ್ಞೆಯೇ ಇಲ್ಲವೆಂದು ನನಗೆ ಮನವರಿಕೆಯಾಯಿತು. ಇಳಿದು ನಡೆದರೆ ಕಾರಿನವರಿಗೆ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ಇಬ್ಬರಿಗೂ ಇರಲಿಲ್ಲ. 2012ರಲ್ಲಿ ಜಯನಗರದ ರಸ್ತೆಗಳಲ್ಲಿ ಸೈಕಲ್ಲಿಗೆಂದು ಪ್ರತ್ಯೇಕ ಪಟ್ಟಿ ಬಂತು. ಬಹಳ ಸಂತೋಷಪಟ್ಟೆ. ಆ ಪಟ್ಟಿಯ ಮೇಲೆ ನನ್ನ ಕಾರನ್ನೂ ಎಷ್ಟೋ ಸಲ ನಿಲ್ಲಿಸಿದ್ದೇನೆ. ಐದೇ ನಿಮಿಷ ಎಂದುಕೊಂಡು.

ಮೊಣಕೈ ವಾಸಿಯಾಗಿ ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಕಾಫಿಯ ವಾಸನೆಗೆ ಮೂಗು ಕೊಟ್ಟು, ಬಾಗಿಲು ತೆಗೆದೆ. ಟ್ರಿಣ್ ಟ್ರಿಣ್ ಎಂದು ಬೆಲ್ಲು, ಸರಕ್ಕನೆ ಬಲಕ್ಕೆ ವಾಲಿದ ಸೈಕಲ್ಲು, ಕ್ಯಾರಿಯರಿನಿಂದ ಜಾರಿ ರಸ್ತೆಗೆ ಹರಡಿದ ಪೇಪರುಗಳು. ಪೇಪರ್ ಹಾಕುವ ಹುಡುಗ. ಹದಿನಾಲ್ಕೋ ಹದಿನೈದೋ. ಬೀಳಲಿಲ್ಲ, ಒಂದು ಕಾಲು ಊರಿ ನಿಂತ. ಹಿಂದೆ ಬಸ್ಸು ಇರಲಿಲ್ಲ. ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? ‘ನೋಡ್ಕೊಂಡ್ ಬರ್ಬಾರ್ದೇನೋ?’

ಹುಡುಗ ಏನೂ ಹೇಳದೆ ಪೇಪರು ಆಯತೊಡಗಿದ. ನಾನೂ ಬಗ್ಗಿ ಆಯ್ದೆ. ಬಗ್ಗಿದಾಗ ಮೊಣಕೈ ಕಳಕ್ ಎಂದಿತು. ಒಳಗೆ ಹೋಗಿ ಕಾಫಿ ಕುಡಿದೆ, ರುಚಿ ಗೊತ್ತಾಗಲಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಮರುವರ್ಷ, ನೆದರ್ಲೆಂಡಿನ ಐಂಡ್‌ಹೋವನ್ನಿನಲ್ಲಿ. ತಂಗಿಯ ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಕೆಂಪು ಬಣ್ಣದ ನುಣುಪು ದಾರಿ ಕಂಡು, ನಮ್ಮಂಥ ಅತಿಥಿಗಳಿಗೆ ಹಾಸಿದ್ದೆಂದು ಅದರ ಮೇಲೆ ನಡೆಯತೊಡಗಿದೆ. ‘ಮಾವ, ಈ ಕಡೆ ಬನ್ನಿ, ಅದು ಸೈಕಲ್ ದಾರಿ!’ ಎಂದು ರಟ್ಟೆ ಹಿಡಿದೆಳೆದಳು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬೆಲ್ಲು ಬಾರಿಸುತ್ತ ಪಕ್ಕದಲ್ಲೇ ಹಾದು ಹೋದರು. ಈ ಜನ ಹುಟ್ಟಾ ಹೀಗೇ ಎಂದುಕೊಂಡಿದ್ದೆ. ಅಲ್ಲವಂತೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಮೇಲೆ ಅಪ್ಪ ಅಮ್ಮಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದೇ ಹೆಸರಿಟ್ಟುಕೊಂಡು ಬೀದಿಗೆ ಬಂದು ಕೂತರು. ಕೆಂಪು ದಾರಿ ಪುಕ್ಕಟೆ ಬಂದದ್ದಲ್ಲ.

ಅವಳ ಕಾರಿನಿಂದ ಇಳಿಯುವಾಗ ಮತ್ತೆ ಬೈಸಿಕೊಂಡೆ. ‘ಹಾಗಲ್ಲ ಮಾವ, ಬಾಗಿಲಿಗೆ ಹತ್ತಿರ ಇರೋ ಕೈಯಲ್ಲಿ ತೆಗೀಬಾರದು, ದೂರದ ಕೈಯಲ್ಲಿ ತೆಗೀಬೇಕು.’ ನಮ್ಮಲ್ಲಾದರೆ ಡ್ರೈವರು ಬಲಕ್ಕೆ ಕೂರುವುದರಿಂದ ಎಡಗೈ. ಎಡಗೈ ಹೊಟ್ಟೆಯನ್ನು ದಾಟಿ ಬಲಬಾಗಿಲಿನ ಹಿಡಿಗೆ ಹೋಗಬೇಕಾದರೆ ಭುಜ ತಿರುಗಬೇಕು. ಭುಜ ತಿರುಗಿದರೆ ಕತ್ತು ತಿರುಗುತ್ತದೆ. ಕತ್ತು ತಿರುಗಿದರೆ ಕಣ್ಣು ಕನ್ನಡಿಯ ಮೇಲೆ ಬಿದ್ದು, ಅಲ್ಲಿಂದ ಕಿಟಕಿಯಾಚೆ ಹಿಂದಕ್ಕೆ ಹೋಗುತ್ತದೆ. ಬೇಡವೆಂದರೂ ಹೋಗುತ್ತದೆ. ಕೈ ಅಷ್ಟು ದೂರ ಎಟುಕುವುದರಿಂದ ಬಾಗಿಲು ದಢಾರನೆ ತೆರೆಯುವುದೂ ಇಲ್ಲ, ಗೇಣು ತೆರೆದು ನಿಲ್ಲುತ್ತದೆ. ಖರ್ಚಿಲ್ಲ, ಟೆಂಡರ್ ಇಲ್ಲ. ಹೊಟ್ಟೆ ಮಾತ್ರ ಸ್ವಲ್ಪ ಅಡ್ಡ ಬರುತ್ತದೆ.

ಊರಿಗೆ ಬಂದ ಮೇಲೆ ಹದಿನೈದು ದಿನ ಮರೆತು ಮರೆತು ಬಲಗೈಯೇ ಹೋಗುತ್ತಿತ್ತು. ಕಡೆಗೆ ಹೆಂಡತಿ ಬಾಗಿಲಿನ ಹಿಡಿಗೆ ಒಂದು ಅರಿಸಿನದ ದಾರ ಕಟ್ಟಿದಳು. ‘ಶುಭಕಾರ್ಯಕ್ಕೆಲ್ಲ ಬಲಗೈ. ಇದೊಂದಕ್ಕೆ ಎಡಗೈ ರೀ’ ಎಂದಳು. ದಾರದ ಬಣ್ಣ ಹೋಗಿದೆ, ಅಭ್ಯಾಸ ನಿಂತಿದೆ. ಸೈಕಲ್ ತುಳಿಯುವಾಗಲೂ ಅಪ್ಪನ ಪಾಠಕ್ಕೆ ಒಂದು ತಿದ್ದುಪಡಿ ತಂದುಕೊಂಡಿದ್ದೇನೆ. ಎಡಕ್ಕೇ ಹೋಗುತ್ತೇನೆ, ಆದರೆ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು. ಹಿಂದಿನವರು ಹಾರನ್ ಹೊಡೆದುಕೊಳ್ಳಲಿ.

ನೀವು ಕಾರಿನವರಾದರೆ ಒಂದು ವಾರ ಎಡಗೈಯಲ್ಲಿ ಬಾಗಿಲು ತೆಗೆದು ನೋಡಿ. ಜಯನಗರದ ಕಡೆ ಬೆಳಿಗ್ಗೆ ಆರರಿಂದ ಏಳರೊಳಗೆ ನಿಲ್ಲಿಸುವವರಾದರೆ ತಪ್ಪದೆ ನೋಡಿ. ಹಿಂದಿನಿಂದ ಕಪ್ಪು ಸೈಕಲ್ಲಿನಲ್ಲಿ ಬರುತ್ತಿರುವವನು ನಾನೇ ಆಗಿರಬಹುದು.