ಸೀಟ್ ಬೆಲ್ಟಿನ ಚೀಟಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಾ? ಮಾರುವವನು ಎಷ್ಟೇ ಹೊಗಳಲಿ, ಕೊಳ್ಳೋ ರೈತ ಕಿವಿಗೇ ಹಾಕ್ಕೊಳ್ಳಲ್ಲ. ಸೀದಾ ಹೋಗಿ ಎತ್ತಿನ ತುಟಿ ಸರಿಸಿ ಹಲ್ಲು ಎಣಿಸ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ.. ವಯಸ್ಸು ಗೊತ್ತಾಯ್ತು. ಹೆಗಲ ಮೇಲೆ ಕೈಯಾಡಿಸಿದರೆ ನೊಗದ ಜಡ್ಡು ಸಿಗುತ್ತೆ, ಗೇಯ್ದದ್ದೆಷ್ಟು ಅಂತ ಗೊತ್ತಾಯ್ತು. ನಾಲ್ಕು ಹೆಜ್ಜೆ ನಡೆಸಿದರೆ ಕಾಲಿನ ಸಂಗತಿಯೂ ಗೊತ್ತಾಯ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದೂ ಇದೇ ವಿದ್ಯೆ. ಬಾಯಿಲ್ಲದ್ದರ ಹತ್ತಿರ ಅದರ ಹಿಂದಿನ ಕಥೆ ಕೇಳೋದು.

2023ರಲ್ಲಿ ನಾನು ನೋಡಲು ಹೋದದ್ದು 2014ನೇ ಇಸವಿಯ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಕಾರಿನ ಹುಚ್ಚು ಇಲ್ಲದವರಿಗೆ ಒಂದು ಸಣ್ಣ ಪರಿಚಯ: ನೋಡೋಕೆ ಮಾಮೂಲಿ ಪೋಲೊ. ಒಳಗೆ ಮಾತ್ರ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, ಜೊತೆಗೆ ಎರಡು ಕ್ಲಚ್ಚಿನ, ಏಳು ಗೇರಿನ ಡಿಎಸ್‌ಜಿ. 2013ರಲ್ಲಿ ಬಂದಾಗ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 9.7 ಸೆಕೆಂಡ್ ಅಂತ ಕಂಪನಿ ಹೇಳಿತ್ತು. ಆ ಗಾತ್ರದ, ಆ ಬೆಲೆಯ ಕಾರಿಗೆ ಅದು ಆಗ ದೊಡ್ಡ ಮಾತೇ. ಅಂದ್ರೆ, ಇಂಥ ಕಾರನ್ನು ಯಾರೂ ತರಕಾರಿ ತರೋಕೆ ಅಂತ ಕೊಂಡಿರಲ್ಲ. ಹಾಗಾಗಿ ಇಂಥದ್ದನ್ನು ಹಳತಾಗಿ ಕೊಳ್ಳುವವನ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ.. ಇದನ್ನು ಎಷ್ಟು ಹಿಂಡಿದ್ದಾರೆ?

ನಂಬರು ಕೆಎ-18, ಚಿಕ್ಕಮಗಳೂರು. ಓಡಿದ್ದು 78,000 ಕಿಲೋಮೀಟರ್. ಮಾರಾಟಗಾರನ ಎಂದಿನ ಮಂತ್ರ: "ಸಿಂಗಲ್ ಓನರ್ ಸಾರ್, ಡಾಕ್ಟ್ರು ಓಡಿಸ್ತಿದ್ದಿದ್ದು." ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರ್ತಾರೆ, ಗಮನಿಸಿದ್ದೀರಾ? :)

ನಾನು ನಮ್ಮ ಮೆಕ್ಯಾನಿಕ್ ಭಾಯ್‌ನ ಕರ್ಕೊಂಡು ಹೋಗಿದ್ದೆ. ಭಾಯ್ ಎಂಜಿನ್ ಕಡೆ ತಿರುಗಿಯೂ ನೋಡದೆ ಮೊದಲು ಟೈರಿನ ಹತ್ತಿರ ಕೂತರು. ಪ್ರತಿ ಟೈರಿನ ಪಕ್ಕದಲ್ಲೂ ನಾಲ್ಕಂಕಿಯ ಒಂದು ಗುರುತಿರುತ್ತೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಇದರಲ್ಲಿ ನಾಲ್ಕೂ 2019ರವೇ, ನಾಲ್ಕೂ ಸಮನಾಗಿ ಸವೆದಿದ್ದವು. ಆಮೇಲೆ ಬಾನೆಟ್ಟಿನ ಬೋಲ್ಟುಗಳು. ಸ್ಪ್ಯಾನರ್ ತಾಗಿದ ಬೋಲ್ಟಿನ ತಲೆಯಲ್ಲಿ ಬಣ್ಣ ಒಡೆದಿರುತ್ತೆ. ಇಲ್ಲಿ ಒಡೆದಿತ್ತು. ಭಾಯ್ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಒಳಗೆ ಕೂತ ಮೇಲೆ ನನ್ನ ಪತ್ತೇದಾರಿಕೆ ಶುರು. ಸ್ಟಿಯರಿಂಗಿನ ಚರ್ಮ ಎಡಬಲ ಎರಡೂ ಕಡೆ ನಡುಮಟ್ಟದಲ್ಲಿ, ಗಡಿಯಾರದ ಒಂಬತ್ತು ಮತ್ತು ಮೂರು ಗಂಟೆಯ ಜಾಗದಲ್ಲಿ ನುಣುಪಾಗಿತ್ತು. ಒಂದೇ ಕೈಯಲ್ಲಿ ಓಡಿಸೋ ಸೋಮಾರಿಗಳ ಗುರುತಲ್ಲ ಅದು, ಕಲಿತ ಕೈಯ ಗುರುತು. ಕ್ಲಚ್ ಪೆಡಲ್ಲೇ ಇಲ್ಲದ ಕಾರಿನಲ್ಲಿ ಎಡಗಾಲು ಊರುವ ಜಾಗ ಸವೆದಿತ್ತು. ತಿರುವಿನಲ್ಲಿ ಮೈ ಜಾರದಂತೆ ಎಡಗಾಲನ್ನು ಒತ್ತಿ ಹಿಡಿಯುವವರು ಮಾತ್ರ ಅಲ್ಲಿ ಸವೆಸೋದು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಗಟ್ಟಿಯಾದ ಕೆಂಪು ಮಣ್ಣು. ಮ್ಯಾಟಿನ ಅಡಿಯಲ್ಲಿ ಹೊರನಾಡಿನ ಪಾರ್ಕಿಂಗ್ ಚೀಟಿ, ಶಾಯಿ ಮಾಸಿ ತಾರೀಖು ಹೋಗಿದೆ. ಸರಿ, ಕಾಫಿ ಸೀಮೆಯ ಹುಡುಗ, ಚಾರ್ಮಾಡಿ ಘಾಟಿಯ ತಿರುವುಗಳೆಲ್ಲ ಬಾಯಿಪಾಠ, ಮನೆಯವರನ್ನು ವರ್ಷಕ್ಕೊಮ್ಮೆ ಅನ್ನಪೂರ್ಣೇಶ್ವರಿ ಸನ್ನಿಧಿಗೆ ಕರ್ಕೊಂಡು ಹೋಗ್ತಿದ್ದ ಅಂತ ಒಂದು ಕಥೆ ಕಟ್ಟಿಕೊಂಡೆ. ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂತು.

ಅಷ್ಟರಲ್ಲಿ ಭಾಯ್ ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ಅದರ ಬುಡದಲ್ಲಿರೋ ಪುಟ್ಟ ಬಟ್ಟೆ ಚೀಟಿಗೆ ಟಾರ್ಚ್ ಬಿಟ್ಟರು. "ಸಾರ್, ಗಾಡಿ 2014. ಈ ಬೆಲ್ಟು 2016." ಪಕ್ಕದ ಸೀಟಿನದೂ ನೋಡಿದರು. ಅದು ಕಾರಿನ ಜೊತೆಗೇ ಬಂದದ್ದು. ಹಿಂದಿನವೂ ಅಷ್ಟೇ.

ಸೀಟ್ ಬೆಲ್ಟು ಸುಮ್ಮಸುಮ್ಮನೆ ಯಾರೂ ಬದಲಿಸುವ ವಸ್ತುವಲ್ಲ. ಜೋರಾಗಿ ಗುದ್ದಿದಾಗ ಒಂದು ಮೈಯ ಭಾರವನ್ನೆಲ್ಲ ಅದು ಹಿಡಿದು ನಿಲ್ಲಿಸುತ್ತೆ. ಹಾಗೆ ಒಮ್ಮೆ ದುಡಿದ ಬೆಲ್ಟನ್ನು ಮತ್ತೆ ನಂಬಬಾರದು, ಬದಲಿಸಬೇಕು. ಅಂದ್ರೆ 2016ರಲ್ಲೋ ಆಮೇಲೋ ಈ ಸೀಟಿನಲ್ಲಿ ಒಬ್ಬರಿದ್ದರು. ಪಕ್ಕದಲ್ಲಿ ಬಹುಶಃ ಯಾರೂ ಇರಲಿಲ್ಲ.

ನನ್ನ ಕಥೆಯ ಹುಡುಗ ಅಲ್ಲೇ ನಿಂತುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳದು ನೇರ ಪ್ರಶ್ನೆ: "ರೀ, ಯಾರೋ ತೀರಿಕೊಂಡಿರೋ ಕಾರಲ್ಲಿ ಪುಟ್ಟಿನ ಶಾಲೆಗೆ ಬಿಡ್ತೀರಾ?" ಶಕುನದ ಮಾತು ಅಂತ ತಳ್ಳಿಹಾಕೋ ಹಾಗಿರಲಿಲ್ಲ. ಒಳಗಿನ ಕಬ್ಬಿಣ ಬಾಗಿ, ಮೇಲೆ ಬಣ್ಣ ಬಳಿದಿದ್ದರೆ ಮುಂದಿನ ಡಿಕ್ಕಿಯಲ್ಲಿ ಅದು ನಮ್ಮನ್ನು ಕಾಯಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪ್ರಕಟಿಸಿದ ಪರೀಕ್ಷೆ ನೆನಪಿಸಿಕೊಳ್ಳಿ. ಭಾರತದ ಪೋಲೊವನ್ನು 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು. ಆ ನಾಲ್ಕು ಸ್ಟಾರು ಸಿಗೋದು ಏರ್‌ಬ್ಯಾಗ್, ಬೆಲ್ಟು, ಚಾಸಿ ಮೂರೂ ನೆಟ್ಟಗಿದ್ದರೆ ಮಾತ್ರ. ಒಡೆದ ಏರ್‌ಬ್ಯಾಗ್ ಜಾಗದಲ್ಲಿ ಬರೀ ಮುಚ್ಚಳ ಕೂರಿಸಿ, ಎಚ್ಚರಿಕೆಯ ದೀಪ ಉರಿಯದಂತೆ ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಮಾರುವವರೂ ಇದ್ದಾರೆ.

ಹಾಗಾಗಿ ಇನ್ನೊಂದು ದಿನ ಕಾರನ್ನು ಲಿಫ್ಟಿಗೆ ಏರಿಸಿ ನೋಡಿದ್ದಾಯ್ತು. ಮುಂದಿನ ಚಾಸಿ ತೊಲೆಗಳೆರಡೂ ನೆಟ್ಟಗಿದ್ದವು, ಮಡಿಕೆಯಿಲ್ಲ, ಬೆಸುಗೆಯಿಲ್ಲ. ಸ್ಕ್ಯಾನರಿಗೆ ಏರ್‌ಬ್ಯಾಗಿನ ದೋಷವೇನೂ ಸಿಗಲಿಲ್ಲ, ಮುಚ್ಚಳ ತೆಗೆಸಿ ಒಳಗೆ ಏರ್‌ಬ್ಯಾಗ್ ಇರೋದನ್ನೂ ನೋಡಿದೆವು. ಭಾಯ್ ಒಂದು ಮಾತು ಹೇಳಿದರು: "ಸಾರ್, ಮೋಸ ಮಾಡೋರು ಬೆಲ್ಟಿಗೆ ದುಡ್ಡು ಹಾಕಲ್ಲ." ಅಲ್ವಾ? ನನ್ನನ್ನು ಹೆದರಿಸಿದ್ದ ಆ ಚೀಟಿಯೇ ಈಗ ಧೈರ್ಯವನ್ನೂ ಹೇಳ್ತಿತ್ತು. ಯಾರೋ ಒಬ್ಬರು ಸರಿಯಾಗಿ ರಿಪೇರಿ ಮಾಡಿಸಿದ್ದರು.

ಕಾರಿಗೆ ಸಂಬಂಧಪಟ್ಟದ್ದು ಅಲ್ಲಿಗೆ ಮುಗಿಯಿತು. ಮನುಷ್ಯರಿಗೆ ಸಂಬಂಧಪಟ್ಟದ್ದು ಮುಗಿಯಲಿಲ್ಲ. ಕಾರಿನ ಜೊತೆ ಸರ್ವಿಸ್ ಬಿಲ್ಲುಗಳ ಒಂದು ಫೈಲು ಬಂದಿತ್ತು. ಒಂದು ರಾತ್ರಿ ಕೂತು ತಾರೀಖಿನ ಪ್ರಕಾರ ಜೋಡಿಸಿದೆ. ಮುಂದಿನ ಬ್ರೇಕ್ ಪ್ಯಾಡು ಮೊದಲು ಬದಲಾದದ್ದು 12,000 ಕಿಲೋಮೀಟರಿಗೆ. ಮತ್ತೆ 25,000ಕ್ಕೆ. ಅಷ್ಟು ಬೇಗ ಪ್ಯಾಡು ತಿನ್ನುವವರು ಘಾಟಿಯಲ್ಲಿ ಹೇಗೆ ಇಳಿದಿರಬಹುದು ಅಂತ ನೀವೇ ಊಹಿಸಿ. 31,000ದ ಹೊತ್ತಿಗೆ, 2016ರ ಮಳೆಗಾಲದಲ್ಲಿ, ಮೂರ್ನಾಲ್ಕು ತಿಂಗಳು ಬಿಲ್ಲೇ ಇಲ್ಲ. ಆಮೇಲೆ ಬಿಲ್ಲುಗಳು ಮತ್ತೆ ಶುರುವಾಗುತ್ತವೆ, ಅದೇ ಊರು, ಅದೇ ಮಾಲೀಕರ ಹೆಸರು. ಆದರೆ ರಿಪೇರಿಯಲ್ಲಿ ಹಾಕಿದ ಪ್ಯಾಡು 70,000ದವರೆಗೂ ಬಂದಿದೆ!

ಅದೇ ಕಾರು, ಅದೇ ಬೆಟ್ಟದ ರಸ್ತೆ. ಓಡಿಸುವ ಕಾಲು ಮಾತ್ರ ಬೇರೆ.

"ನೋಡು, ಪೆಟ್ಟು ತಿಂದ ಮೇಲೆ ಬುದ್ಧಿ ಬಂದಿದೆ. ಬದುಕಿದ್ದಾನೆ" ಅಂದೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಸೀಟಿನ ಕಂಬಿ ಬಗ್ಗೆ ಭಾಯ್ ಏನೋ ಹೇಳಿದ್ರು ಅಂದ್ರಲ್ಲ?" ಹೌದು, ಹೇಳಿದ್ದರು. ಡ್ರೈವರ್ ಸೀಟು ಜಾರುವ ಕಂಬಿ ಮುಂದಿನ ತುದಿಯಲ್ಲಿ ಹೊಳೀತಿತ್ತು, ಹಿಂದಿನ ಅರ್ಧದಲ್ಲಿ ಹಳೇ ಗ್ರೀಸಿನ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ಅಂದ್ರೆ ಬಹಳ ವರ್ಷ ಕುಳ್ಳಗಿನವರು ಯಾರೋ ಸೀಟನ್ನು ಮುಂದಕ್ಕೆ ಎಳೆದುಕೊಂಡೇ ಓಡಿಸಿದ್ದಾರೆ. "ನನ್ನಷ್ಟೆತ್ತರದವರು" ಅಂದಳು. "ಅವನ ಹೆಂಡತಿಯೋ, ಅಮ್ಮನೋ."

ನಾನು ಮಾತಾಡಲಿಲ್ಲ. ಎರಡು ಕಥೆಗಳಿಗೂ ಸಾಕ್ಷಿ ಒಂದೇ. ಒಂದರಲ್ಲಿ ಕುಳ್ಳಗಿನವನೊಬ್ಬ ಡಿಕ್ಕಿಯಿಂದ ಎದ್ದುಬಂದು ನಿಧಾನವಾಗಿ ಓಡಿಸೋದು ಕಲಿತ. ಇನ್ನೊಂದರಲ್ಲಿ ಅವನು ಬರಲೇ ಇಲ್ಲ, ಮನೆಯವರು ಕಾರನ್ನು ಮಾರದೆ, ಸರಿಮಾಡಿಸಿ, ಬೆಲ್ಟು ಸಮೇತ ಹೊಸದು ಹಾಕಿಸಿ, ಏಳು ವರ್ಷ ಮೆಲ್ಲಗೆ ಓಡಿಸಿದರು. ಆರ್‌ಸಿಯಲ್ಲಿ ಹೆಸರಿದೆ, ಫೋನು ಮಾಡಿ ಕೇಳಬಹುದಿತ್ತು. ಏನಂತ ಕೇಳೋದು? ನಿಮ್ಮ ಮನೆಯಲ್ಲಿ ಯಾರಾದರೂ ಹೋದರಾ ಅಂತಲೇ? ಎತ್ತಿನ ಹೆಗಲ ಜಡ್ಡು ಎಷ್ಟು ಎಳೆದಿದೆ ಅಂತ ಹೇಳುತ್ತೆ, ಯಾರ ಹೊಲ ಅಂತ ಹೇಳಲ್ಲ. ಹೇಳಬೇಕಾಗಿಯೂ ಇಲ್ಲ.

ಕೊನೆಗೆ ಕೊಳ್ಳೋಣ ಅಂದದ್ದು ಅವಳೇ. ಅವಳ ಲೆಕ್ಕ ಸರಳ: "ಯಾವ ಕಥೆ ನಿಜವಾದ್ರೂ, ಆ ಬೆಲ್ಟು ಹಾಕ್ಸಿದವರು ಮುಂದೆ ಕೂರೋರ ಬಗ್ಗೆ ಯೋಚಿಸಿದ್ದಾರೆ." ಈಗ ಹೆಚ್ಚಾಗಿ ಓಡಿಸೋದೂ ಅವಳೇ. ಸೀಟು ಮುಂದಕ್ಕೆಳೆದಾಗ ಕಂಬಿಯ ಹೊಳೆಯುವ ಭಾಗದಲ್ಲೇ ಸರಿಯಾಗಿ ನಿಲ್ಲುತ್ತೆ. ಟರ್ಬೊ ಕೇಳಿದರೆ ಈಗಲೂ ಎದ್ದು ಓಡುತ್ತೆ, ನೈಸ್ ರಸ್ತೆಯಲ್ಲಿ ನಾನೂ ಒಮ್ಮೊಮ್ಮೆ ಕೇಳ್ತೀನಿ. ಹೊರನಾಡಿನ ಚೀಟಿಯನ್ನು ಎಸೆಯೋಕೆ ಮನಸ್ಸು ಬರಲಿಲ್ಲ. ಮ್ಯಾಟಿನ ಅಡಿಯಲ್ಲೇ ಇದೆ.

ನೀವು ಕೊಂಡ ಹಳೇ ಗಾಡಿಯಲ್ಲಿ ಏನೇನು ಸಿಕ್ಕಿತ್ತು? ಬಿಡುವಿದ್ದಾಗ ಬರೀರಿ.