ಸೇತುವೆ ಹತ್ತದೆ ವೆನಿಸ್

ಮೂರು ರಾತ್ರಿಯಿಂದ ಇಟಲಿಯ ರೈಲು ವೇಳಾಪಟ್ಟಿ ಮುಂದಿಟ್ಟುಕೊಂಡು ಕೂತಿದ್ದೇನೆ. ಡಿಸೆಂಬರಿನಲ್ಲಿ ಊರಿಂದ ಅಮ್ಮ ಬರ್ತಿದ್ದಾರೆ, ಕೈಯಲ್ಲಿರೋದು ಐದೇ ದಿನ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್... ಕಾಗದದ ಮೇಲೆ ಎಲ್ಲಾ ಸಲೀಸು. ವೇಗದ ರೈಲಿಗೆ ಮುಂಚೆ ಟಿಕೆಟ್ ಕೊಂಡರೆ ಅಗ್ಗ. ಪ್ಯಾಸೆಂಜರ್ ರೈಲಿಗೆ ಯಾವತ್ತು ಕೊಂಡರೂ ಅದೇ ದರ, ಆದ್ರೆ ಕಾಗದದ ಟಿಕೆಟ್ಟಿಗೆ ಹತ್ತೋ ಮುಂಚೆ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸದಿದ್ರೆ ದಂಡ!

ತಲೆನೋವು ಅದಲ್ಲ, ಅಮ್ಮನ ಮಂಡಿನೋವು. ವೆನಿಸ್ಸಿನಲ್ಲಿ 400ಕ್ಕೂ ಹೆಚ್ಚು ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. "ವೆನಿಸ್ ಬಿಟ್ಬಿಡೋಣ ಅಮ್ಮ" ಅಂದೆ ಫೋನಲ್ಲಿ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಬಿಡು. ನಿಮ್ಮಪ್ಪ ನೀರಿನ ಊರು ನೀರಿನ ಊರು ಅಂತ ಹೇಳ್ತಾ ಇದ್ರು, ಅಷ್ಟೇ" ಅಂದ್ರು.

ಪೀಸಾ ಹೊಡೆದು ಹಾಕಿದೆ. ಫ್ಲಾರೆನ್ಸೂ. (ವಾಲುಗೋಪುರಕ್ಕೆ ಕೈ ಕೊಟ್ಟು ನಿಂತ ಫೋಟೋ ನಿಮ್ಮೆಲ್ಲರ ಹತ್ರ ಇದೆಯಲ್ಲ, ಅದನ್ನೇ ನೋಡ್ಕೋತೀನಿ.) ರೋಮಿನಿಂದ ವೆನಿಸ್ಸಿಗೆ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಬಂದ್ರೆ ಎದುರಿಗೇ ದೊಡ್ಡ ಕಾಲುವೆ, ಅಲ್ಲೇ ದೋಣಿ ಬಸ್ಸಿನ ಸ್ಟಾಪು. ಒಂದನೇ ನಂಬರಿನದು ನಿಂತು ನಿಂತು ಸಾನ್ ಮಾರ್ಕೋವರೆಗೂ ಹೋಗತ್ತೆ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗೋದ್ರಿಂದ ಬೆಳಗಿನ ರೈಲೇ ಆಗಬೇಕು. ಈಗ ಸ್ಟಾಪಿಗೂ ರೂಮಿಗೂ ನಡುವೆ ಒಂದೂ ಸೇತುವೆ ಇಲ್ಲದ ಜಾಗ ಹುಡುಕ್ತಾ ಇದ್ದೀನಿ, ಮ್ಯಾಪಿನಲ್ಲಿ ಒಂದೊಂದೇ ಕಾಲುವೆ ಎಣಿಸ್ತಾ.

ಅಮ್ಮನಿಗೆ ಇನ್ನೂ ಹೇಳಿಲ್ಲ.